ಲೋಹದ ಪಟ್ಟಿ, ಮೃದಂಗದ ಕರಣೆ



ಇವತ್ತು ನಾನು ಮಾತಾಡಲಿರುವ ವಾದ್ಯದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಲಾರಿರಿ. ಅದರ ನಾದವನ್ನು ಮಾತ್ರ ಕೇಳಿಯೇ ಕೇಳಿದ್ದೀರಿ. ಐವತ್ತು, ಅರವತ್ತರ ದಶಕಗಳ ಚಿತ್ರಗೀತೆಗಳನ್ನು ನೆನಪು ಮಾಡಿಕೊಳ್ಳಿ. ಗಾಯಕಿ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಷ್ಟರಲ್ಲಿ, ಬೆಳದಿಂಗಳಿನ ಸನ್ನಿವೇಶವಾದರಂತೂ ತಪ್ಪದೆ, ಹಿಂದಿನಿಂದ ಮೂರು ನಾಲ್ಕು ಲೋಹದ ಸ್ವರಗಳು ಎದ್ದು, ತುಸು ಹೊತ್ತು ತೂಗಿ, ಕರಗಿಹೋಗುತ್ತವೆ. ಅದೇ ವೈಬ್ರಫೋನ್. ಮುಂಬಯಿಯ ಚಿತ್ರಸಂಗೀತದಲ್ಲಿ ಈ ವಾದ್ಯದ ಮಾತು ಬಂದಾಗ ಪಾರ್ಸಿ ಕುಟುಂಬದ ಸಹೋದರರಾದ ಕೆರ್ಸಿ ಲಾರ್ಡ್, ಬರ್ಜೋರ್ ಲಾರ್ಡ್ ಅವರ ಹೆಸರು ಬರುತ್ತದೆ. ನಮ್ಮ ಕನ್ನಡದ ಹಾಡುಗಳೂ ತೆಲುಗಿನ ಹಾಡುಗಳೂ ಆಗ ಬಹುಪಾಲು ಮದರಾಸಿನಲ್ಲೇ ಧ್ವನಿಮುದ್ರಣಗೊಳ್ಳುತ್ತಿದ್ದವು. ಅಲ್ಲಿನ ವಾದ್ಯಗೋಷ್ಠಿಗಳಲ್ಲೂ ಈ ವಾದ್ಯಕ್ಕೆ ಜಾಗವಿತ್ತು.

ಇದು ಅಮೆರಿಕದಲ್ಲಿ ಹುಟ್ಟಿದ ವಾದ್ಯ. ಆದರೂ ಇದರ ಗುಟ್ಟನ್ನು ಹೇಳಲು ನಾನು ನಿಮ್ಮನ್ನು ಮೊದಲು ಕರೆದೊಯ್ಯುವುದು ವಿಶಾಖಪಟ್ಟಣಕ್ಕೆ. ಕಾರಣ ಇದೆ.

1892ರಲ್ಲಿ ತಿರುಚಿನಾಪಳ್ಳಿಯ ಕಡೆಯಿಂದ ಒಂದು ಸಂಸಾರ ಆ ಕಡಲತಡಿಯ ಊರಿಗೆ ಬಂದು ನೆಲೆಸಿತು. ಮನೆಯ ಯಜಮಾನರು ಅಲ್ಲಿನ ಎ.ವಿ.ಎನ್. ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕರು. ಬಿಡುವಿನಲ್ಲಿ ಪಿಟೀಲು ನುಡಿಸುವ ಅಭ್ಯಾಸ ಇದ್ದವರು. ಅವರ ಎರಡನೆಯ ಮಗನಿಗೆ ಆಗ ನಾಲ್ಕು ವರ್ಷ ತುಂಬುತ್ತಿತ್ತು. ಹುಡುಗ ಸೇಂಟ್ ಅಲೋಶಿಯಸ್ ಶಾಲೆಗೆ ಸೇರಿದ, ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ, ಅಪ್ಪನ ಕಾಲೇಜಿನಲ್ಲೇ ಎಫ್.ಎ. ಓದಿ, 1903ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೊರಟ. ಹೆಸರು ಚಂದ್ರಶೇಖರ ವೆಂಕಟ ರಾಮನ್.

ಸರ್ ಸಿ.ವಿ. ರಾಮನ್ ಅಂದರೆ ನಮಗೆ ನೆನಪಾಗುವುದು ಬೆಂಗಳೂರು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬಂದವರು ಕೊನೆಯವರೆಗೂ ಇಲ್ಲೇ ಉಳಿದರು. ನೊಬೆಲ್ ಬಂದದ್ದು ಬೆಳಕಿನ ಸಂಶೋಧನೆಗೆ, ನಿಜ. ಆದರೆ ಅದಕ್ಕೆ ಮೊದಲು ವರ್ಷಗಟ್ಟಲೆ ಅವರು ತಲೆ ಕೆಡಿಸಿಕೊಂಡದ್ದು ವಾದ್ಯಗಳ ಬಗ್ಗೆ. ಪಿಟೀಲಿನ ತಂತಿ ಕಮಾನಿನಡಿಯಲ್ಲಿ ಹೇಗೆ ಅಲುಗುತ್ತದೆ, ವೀಣೆಯ ಕುದುರೆ ಏನು ಮಾಡುತ್ತದೆ ಅನ್ನುವುದೆಲ್ಲ ಅವರಿಗೆ ಬೇಕಿತ್ತು. ತಮ್ಮ ಮನಸ್ಸನ್ನು ರೂಪಿಸಿದ ಮೂರು ಗ್ರಂಥಗಳಲ್ಲಿ ಒಂದು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನಾದದ ಬಗ್ಗೆ ಬರೆದದ್ದು ಎಂದು ಅವರೇ ಹೇಳಿದ್ದಾರೆ. ಆ ಗ್ರಂಥವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ. ಮತ್ತೆ ಬರುತ್ತದೆ.

1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ರಾಮನ್ 'ನೇಚರ್' ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಕುರಿತು ಒಂದು ಚಿಕ್ಕ ಲೇಖನ ಬರೆದರು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಅದನ್ನೇ ವಿಸ್ತರಿಸಿದರು. ಪ್ರಶ್ನೆ ಇದು: ತಮಟೆ ಬಡಿದರೆ ಸದ್ದು ಬರುತ್ತದೆ, ಶ್ರುತಿ ಹುಟ್ಟುವುದಿಲ್ಲ. ಮೃದಂಗ ನುಡಿಸಿದರೆ ಶ್ರುತಿ ಹುಟ್ಟುತ್ತದೆ. ಎರಡೂ ಚರ್ಮವೇ. ವ್ಯತ್ಯಾಸ ಎಲ್ಲಿ?

ಎಳೆದು ಕಟ್ಟಿದ ತಂತಿಯಲ್ಲಿ ಈ ತೊಡಕು ಇಲ್ಲ. ಮೀಟಿದ ತಂತಿ ಇಡಿಯಾಗಿ ಅಲುಗುತ್ತದೆ. ಅದೇ ಹೊತ್ತಿಗೆ ಎರಡು ಪಾಲಾಗಿ, ಮೂರು ಪಾಲಾಗಿ, ನಾಲ್ಕು ಪಾಲಾಗಿಯೂ ಅಲುಗುತ್ತದೆ. ಆದ್ದರಿಂದ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳು ಏಳುತ್ತವೆ: ಮೇಲಿನ ಷಡ್ಜ, ಅದರ ಮೇಲಿನ ಪಂಚಮ, ಇನ್ನೂ ಮೇಲಿನ ಷಡ್ಜ. ಒಳ್ಳೆಯ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಐದನೆಯ ಪಾಲಿನಿಂದ. ಚರ್ಮ ಹೀಗಲ್ಲ. ಬರಿಯ ದುಂಡು ಚರ್ಮದ ಉಪಸ್ವರಗಳು ಮೂಲದ 1.59, 2.14, 2.30ರಷ್ಟು, ಹೀಗೆ ಯಾವ ಲೆಕ್ಕಕ್ಕೂ ಸಿಗದ ಜಾಗಗಳಲ್ಲಿ ಬಂದು ಕೂರುತ್ತವೆ. ಕಿವಿಗೆ ಅದು ಗೊಂದಲ. ನಮ್ಮ ಮೃದಂಗ ಕಟ್ಟುವವರು ಬಲಮುಚ್ಚಿಗೆಯ ನಡುವೆ ಕಲ್ಲಿನ ಪುಡಿ ಮತ್ತು ಅನ್ನ ಅರೆದು, ಪದರದ ಮೇಲೆ ಪದರ ಉಜ್ಜಿ ಕರಣೆ ಕೂರಿಸುತ್ತಾರಲ್ಲ, ಆ ಕರಿಯ ಬಿಲ್ಲೆಯ ತೂಕವೇ ಗೊಂದಲವನ್ನು ತಿದ್ದುತ್ತದೆ ಎಂದು ರಾಮನ್ ತೋರಿಸಿದರು. ಕರಣೆ ಸರಿಯಾಗಿ ಕೂತರೆ ಮೃದಂಗದ ಉಪಸ್ವರಗಳು ತಂತಿಯ ಹಾಗೆ ಎರಡು, ಮೂರು, ನಾಲ್ಕು, ಐದರಷ್ಟಕ್ಕೆ ಬಂದು ನಿಲ್ಲುತ್ತವೆ. ಹೆಸರೂ ಉಳಿಯದ ಯಾರೋ ಕುಶಲಿಗಳು ಕಿವಿಯೊಂದನ್ನೇ ನಂಬಿ ಇದನ್ನು ಸಾಧಿಸಿದ್ದರು.

ಈಗ ವೈಬ್ರಫೋನಿಗೆ ಬರೋಣ. ಮೇಜಿನಂಥ ಚೌಕಟ್ಟು. ಅದರ ಮೇಲೆ ಪಿಯಾನೋದ ಮನೆಗಳ ಕ್ರಮದಲ್ಲೇ ಎರಡು ಸಾಲು ಲೋಹದ ಪಟ್ಟಿಗಳು, ಸಾಮಾನ್ಯವಾಗಿ ಮೂವತ್ತೇಳು, ಒಟ್ಟು ಮೂರು ಸ್ಥಾಯಿ. ಪ್ರತಿ ಪಟ್ಟಿಯ ಕೆಳಗೆ ಒಂದು ಕೊಳವೆ. ಕಾಲಿನ ಹತ್ತಿರ ಒಂದು ಪೆಡಲ್. ಒಂದು ತುದಿಯಲ್ಲಿ ಪುಟ್ಟ ಮೋಟಾರು. ವಾದಕರು ನಿಂತುಕೊಂಡು, ನೂಲು ಸುತ್ತಿದ ಕೋಲುಗಳಿಂದ ಬಾರಿಸುತ್ತಾರೆ. ಕೈಗೆ ಒಂದೊಂದು, ಪಳಗಿದವರಾದರೆ ಎರಡೆರಡು.

ಲೋಹದ ಪಟ್ಟಿಯ ಸ್ವಭಾವವೂ ಚರ್ಮದಂತೆಯೇ ಒರಟು. ಸಮನಾದ ದಪ್ಪದ ಪಟ್ಟಿಯನ್ನು ಬಾರಿಸಿದರೆ ಅದರ ಮೊದಲ ಉಪಸ್ವರ ಮೂಲದ 2.76ರಷ್ಟಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಾರಸ್ಥಾಯಿಯ ಮಧ್ಯಮಕ್ಕೂ ಪಂಚಮಕ್ಕೂ ನಡುವಿನ ಅನಾಥ ಜಾಗ. ಕಬ್ಬಿಣದ ತುಂಡು ಬಡಿದಾಗ ಟಣ್ ಅನ್ನುವ ಕರ್ಕಶ ಬರುವುದು ಇದರಿಂದಲೇ. ವೈಬ್ರಫೋನ್ ಮಾಡುವವರು ಏನು ಮಾಡುತ್ತಾರೆಂದರೆ, ಪಟ್ಟಿಯನ್ನು ಬೋರಲು ಹಾಕಿ, ಹೊಟ್ಟೆಯ ಭಾಗದ ಲೋಹವನ್ನು ಕಮಾನಿನಂತೆ ಕೊರೆದು ತೆಗೆಯುತ್ತಾರೆ. ಮೂಲಸ್ವರ ಹುಟ್ಟುವಾಗ ಪಟ್ಟಿ ಅತಿ ಹೆಚ್ಚು ಬಾಗುವುದು ನಟ್ಟನಡುವೆ. ಅಲ್ಲಿ ತೆಳುವಾದಷ್ಟೂ ಮೂಲಸ್ವರ ಕೆಳಗಿಳಿಯುತ್ತದೆ. ಉಪಸ್ವರ ಅಷ್ಟು ಇಳಿಯುವುದಿಲ್ಲ. ಎರಡರ ನಡುವಿನ ಅಂತರ ಹಿಗ್ಗುತ್ತಾ ಹಿಗ್ಗುತ್ತಾ 2.76 ಇದ್ದದ್ದು ಸರಿಯಾಗಿ ನಾಲ್ಕಕ್ಕೆ ಬಂದಾಗ ಕೊರೆಯುವವರು ಕೈ ನಿಲ್ಲಿಸುತ್ತಾರೆ. ನಾಲ್ಕರಷ್ಟು ಅಂದರೆ ಎರಡು ಸ್ಥಾಯಿ ಮೇಲಿನ ಅದೇ ಸ್ವರ. ಷಡ್ಜ ಬಾರಿಸಿದರೆ ಮೇಲೆಲ್ಲೋ ಇನ್ನೊಂದು ಷಡ್ಜ. ಮರದ ಪಟ್ಟಿಗಳ ಕ್ಸೈಲೋಫೋನಿನಲ್ಲಿ ಸಾಮಾನ್ಯವಾಗಿ ಮೂರರಷ್ಟಕ್ಕೆ, ಅಂದರೆ ಮೇಲಿನ ಪಂಚಮಕ್ಕೆ, ಕೂರಿಸುತ್ತಾರೆ. ಅದರ ನಾದ ಚುರುಕು, ಇದರದು ತಂಪು. ಮೃದಂಗದವರು ನಡುವೆ ತೂಕ ಕೂಡಿಸಿ ಪಡೆದದ್ದನ್ನು ಇವರು ನಡುವೆ ಕಳೆದು ಪಡೆದರು. ನನ್ನ ಮಟ್ಟಿಗೆ ವೈಬ್ರಫೋನಿನ ಸೊಗಸಿನ ಮುಕ್ಕಾಲು ಪಾಲು ಈ ಕೊರೆತದಲ್ಲಿದೆ. ಮೋಟಾರು, ಮಿನುಗು ಎಲ್ಲ ಆಮೇಲಿನದು.

1920ರ ದಶಕದ ಆರಂಭದಲ್ಲಿ ಇಂಡಿಯಾನಾಪೊಲಿಸ್ ಊರಿನ ಲೀಡಿ ಕಂಪನಿಯಲ್ಲಿ ಹರ್ಮನ್ ವಿಂಟರ್‌ಹಾಫ್ ಎಂಬುವರು ಉಕ್ಕಿನ ಪಟ್ಟಿಗಳ ಕೆಳಗೆ ಮೋಟಾರು ಜೋಡಿಸಿ ಇಂಥದೊಂದು ವಾದ್ಯ ಮಾಡಿದ್ದರು. ಆದರೆ ನಾವು ಇಂದು ಕಾಣುವ ರೂಪ ಬಂದದ್ದು 1927ರಲ್ಲಿ, ಷಿಕಾಗೋದ ಡೀಗನ್ ಕಂಪನಿಯಿಂದ. ಹೆನ್ರಿ ಶ್ಲೂಟರ್ ಅಲ್ಲಿ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹ ತಂದರು, ನಾದ ತಡೆಯುವ ಪೆಡಲ್ ಕೂಡಿಸಿದರು. ಕಂಪನಿಯ ಸ್ಥಾಪಕ ಡೀಗನ್ ಮೂಲತಃ ಕ್ಲಾರಿನೆಟ್ ವಾದಕ. ಆತನನ್ನು ವಾದ್ಯ ತಯಾರಿಕೆಗೆ ಹಚ್ಚಿದ್ದೂ ಅದೇ ಹೆಲ್ಮ್‌ಹೋಲ್ಟ್ಸ್ ಗ್ರಂಥ. ಷಿಕಾಗೋದ ಕ್ಲಾರಿನೆಟ್ಟಿನವನಿಗೂ ವಿಶಾಖಪಟ್ಟಣದಲ್ಲಿ ಬೆಳೆದ ಹುಡುಗನಿಗೂ ಗುರು ಒಬ್ಬರೇ ಆದರು.

ಅಲ್ಯೂಮಿನಿಯಂ ಎಂದಾಗ ವಿಶಾಖಪಟ್ಟಣವನ್ನು ಇನ್ನೊಮ್ಮೆ ನೆನೆಯಬೇಕು. ಪೂರ್ವಘಟ್ಟಗಳ ನೆತ್ತಿಯಲ್ಲಿ ಬಾಕ್ಸೈಟ್ ಅದಿರಿದೆ. 1981ರಲ್ಲಿ ಹುಟ್ಟಿದ ಸಾರ್ವಜನಿಕ ಉದ್ಯಮ ನಾಲ್ಕೋ, ಒಡಿಶಾದ ದಾಮನ್‌ಜೋಡಿಯಲ್ಲಿ ಅದಿರನ್ನು ಬಿಳಿಯ ಅಲ್ಯೂಮಿನಾ ಪುಡಿ ಮಾಡಿ, ರೈಲಿನಲ್ಲಿ ಇಳಿಸಿ, ವಿಶಾಖಪಟ್ಟಣದ ಬಂದರಿನಿಂದ ಪರದೇಶಗಳಿಗೆ ಸಾಗಿಸುತ್ತದೆ. ಆಂಧ್ರದ ಬದಿಯ ಬೆಟ್ಟಗಳಲ್ಲಿ ಗಣಿ ತೋಡುವುದನ್ನು ಆದಿವಾಸಿಗಳು ಬಿಡದೆ ವಿರೋಧಿಸಿದ್ದಾರೆ. ಅನುಸೂಚಿತ ಪ್ರದೇಶದ ಸರ್ಕಾರಿ ಜಮೀನನ್ನು ಖಾಸಗಿ ಗಣಿಗಳಿಗೆ ಕೊಡಕೂಡದೆಂದು ಸುಪ್ರೀಂ ಕೋರ್ಟು 1997ರಲ್ಲಿ ಸಮತಾ ಪ್ರಕರಣದಲ್ಲಿ ಹೇಳಿದ್ದೂ ವಿಶಾಖಪಟ್ಟಣ ಜಿಲ್ಲೆಯ ವ್ಯಾಜ್ಯದಲ್ಲೇ. ನಾದದ ಹಿಂದೆ ನೆಲ ಇರುತ್ತದೆ, ನೆಲದ ಮೇಲೆ ಜನ ಇರುತ್ತಾರೆ.

ಪಟ್ಟಿಯನ್ನು ಹೇಗೆ ನಿಲ್ಲಿಸಬೇಕು ಅನ್ನುವುದೂ ಒಂದು ಲೆಕ್ಕ. ಎಲ್ಲೆಂದರಲ್ಲಿ ಹಿಡಿದರೆ ನಾದ ಸಾಯುತ್ತದೆ. ಪಟ್ಟಿ ಅಲುಗುವಾಗ ಎರಡು ಕಡೆ ಮಾತ್ರ ಅಲುಗದೆ ನಿಲ್ಲುತ್ತದೆ. ಸಮನಾದ ಪಟ್ಟಿಯಲ್ಲಿ ಆ ಜಾಗ ಎರಡೂ ತುದಿಗಳಿಂದ ಉದ್ದದ ನೂರಕ್ಕೆ ಇಪ್ಪತ್ತೆರಡು ಚಿಲ್ಲರೆ ಭಾಗದಷ್ಟು ಒಳಗೆ. ಅಲ್ಲಿ ತೂತು ಕೊರೆದು ದಾರ ಪೋಣಿಸಿ ತೂಗುಬಿಡುತ್ತಾರೆ. ಮನೆಯಲ್ಲೇ ನೋಡಬಹುದು. ಒಂದಡಿ ಉದ್ದದ ಗಟ್ಟಿ ಅಲ್ಯೂಮಿನಿಯಂ ಪಟ್ಟಿ ತನ್ನಿ. ಎರಡೂ ತುದಿಯಿಂದ ಎರಡೂ ಮುಕ್ಕಾಲು ಅಂಗುಲ ಒಳಗೆ ಸಣ್ಣ ಸ್ಪಂಜಿನ ತುಂಡುಗಳ ಮೇಲೆ ಇಡಿ. ಮೇಲೆ ಸ್ವಲ್ಪ ಪುಡಿಯುಪ್ಪು ಉದುರಿಸಿ ನಡುವೆ ಮೆಲ್ಲಗೆ ಬಾರಿಸುತ್ತಾ ಹೋಗಿ. ಉಪ್ಪು ಹಾರಿ ಹಾರಿ ಆ ಎರಡು ಜಾಗದಲ್ಲಿ ಗೆರೆಗಟ್ಟುತ್ತದೆ. ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ ಅಂದುಕೊಳ್ಳುತ್ತೀರಿ. ಇಲ್ಲ, ಎರಡು ಸ್ಥಾಯಿ ಏರುತ್ತದೆ. ತಂತಿಯ ಲೆಕ್ಕ ಪಟ್ಟಿಗೆ ನಡೆಯದು.

ಪಟ್ಟಿ ತಾನಾಗಿಯೇ ಹೆಚ್ಚು ಗಾಳಿಯನ್ನು ತಳ್ಳಲಾರದು. ಅದಕ್ಕೇ ಕೊಳವೆ. ಅಡಿ ಮುಚ್ಚಿದ ಕೊಳವೆಯೊಳಗಿನ ಗಾಳಿ, ಮೇಲಿನ ಪಟ್ಟಿಯ ಮೂಲಸ್ವರಕ್ಕೇ ಮಿಡಿಯುವಂತೆ ಉದ್ದ ಇಟ್ಟಿರುತ್ತಾರೆ: ಅತಿ ಕೆಳಗಿನ ಸ್ವರಕ್ಕೆ ಸುಮಾರು ಅರ್ಧ ಮೀಟರು, ಅತಿ ಮೇಲಿನದಕ್ಕೆ ಆರು ಸೆಂಟಿಮೀಟರಿನಷ್ಟು. ಕೊಳವೆ ಮೂಲಸ್ವರವನ್ನು ಮಾತ್ರ ಎತ್ತಿ ಹಿಡಿಯುತ್ತದೆ. ಉಪಸ್ವರ ಹಿಂದೆ ಸರಿಯುತ್ತದೆ. ಮುಂದಿನ ಸಾಲಿನ ಕೊಳವೆಗಳು ಎರಡೂ ಬದಿಗೆ ಉದ್ದವಾಗಿ ಕಮಾನಿನಂತೆ ಕಾಣುತ್ತವಲ್ಲ, ಅದು ಬರೀ ಅಲಂಕಾರ. ಒಳಗೆ ಬೇಕಾದಲ್ಲಿ ಬಿರಡೆ ಹಾಕಿರುತ್ತಾರೆ.

ವಿಜಯವಾಡದ ಬೇಸಿಗೆಯಲ್ಲಿ ಈ ವಾದ್ಯವನ್ನಿಟ್ಟರೆ ಏನಾಗಬಹುದು? ಮೇ ತಿಂಗಳಲ್ಲಿ ಅಲ್ಲಿ 45 ಡಿಗ್ರಿ ಮುಟ್ಟುವುದು ಹೊಸದಲ್ಲ. ಬಿಸಿಗೆ ಲೋಹ ತುಸು ಮೆತ್ತಗಾಗಿ ಪಟ್ಟಿಯ ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ. ಆದರೆ ಬಿಸಿಗಾಳಿಯಲ್ಲಿ ಶಬ್ದದ ವೇಗ ಏರುವುದರಿಂದ ಕೊಳವೆಯ ಮಿಡಿತ ಮೇಲಕ್ಕೆ ಹೋಗುತ್ತದೆ. ಮೇಲಿನವನು ಕೆಳಗೆ, ಕೆಳಗಿನವನು ಮೇಲೆ. ಇಬ್ಬರ ಹೊಂದಿಕೆ ತಪ್ಪಿ ನಾದ ಬಡವಾಗುತ್ತದೆ. ತಣ್ಣನೆಯ ಸ್ಟುಡಿಯೋ ಇದಕ್ಕೆ ಹೇಳಿಮಾಡಿಸಿದ ಮನೆ.

ಇನ್ನು ಆ ತೂಗಾಟ. ಪ್ರತಿ ಕೊಳವೆಯ ಬಾಯಲ್ಲಿ ಒಂದು ತೆಳು ಬಿಲ್ಲೆ ಇದೆ. ಒಂದು ಸಾಲಿನ ಬಿಲ್ಲೆಗಳೆಲ್ಲ ಒಂದೇ ಸರಳಿಗೆ ಪೋಣಿಸಿದವು. ಮೋಟಾರು ಸರಳನ್ನು ತಿರುಗಿಸುತ್ತದೆ. ಬಿಲ್ಲೆ ಅಡ್ಡವಾದಾಗ ಕೊಳವೆಯ ಬಾಯಿ ಮುಚ್ಚಿ ನಾದ ಕುಗ್ಗುತ್ತದೆ, ನೆಟ್ಟಗಾದಾಗ ತೆರೆದು ಹಿಗ್ಗುತ್ತದೆ. ಒಂದು ಸುತ್ತಿಗೆ ಎರಡು ಸಲ. ಇಲ್ಲಿ ಅಲುಗುವುದು ನಾದದ ಪ್ರಮಾಣ ಮಾತ್ರ, ಸ್ವರ ಅಲುಗುವುದೇ ಇಲ್ಲ. ಇದಕ್ಕೆ ನನಗೆ ತೋರುವ ಒಂದೇ ಹೋಲಿಕೆ ರೇಡಿಯೋದ್ದೇ. ಬಳ್ಳಾರಿ, ರಾಯಚೂರಿನ ಕಡೆ ರಾತ್ರಿ ಮಧ್ಯಮ ತರಂಗದಲ್ಲಿ 837 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ವಿಜಯವಾಡ ಕೇಂದ್ರ ಹಿಡಿದವರಿಗೆ ಗೊತ್ತು: ಹಾಡು ಹತ್ತಿರ ಬರುತ್ತದೆ, ದೂರ ಸರಿಯುತ್ತದೆ, ಮತ್ತೆ ಬರುತ್ತದೆ, ಆದರೆ ಶ್ರುತಿ ಎಂದೂ ಜಾರುವುದಿಲ್ಲ. ವೈಬ್ರಫೋನಿನಲ್ಲಿ ಅದು ಸೆಕೆಂಡಿಗೆ ಕೆಲವು ಸಲ ಆಗುತ್ತದೆ, ಅಷ್ಟೆ.

ವಿಜಯವಾಡ ಕೇಂದ್ರದ ಮಾತು ಬಂತು. 1948ರ ಡಿಸೆಂಬರ್ 1ರಂದು ಆರಂಭವಾದ ಆ ಆಕಾಶವಾಣಿ ಕೇಂದ್ರ ತೆಲುಗು ನಾಡಿನ ಸಂಗೀತಕ್ಕೆ ಮನೆಯಾಯಿತು. ವಿಜಯವಾಡದಲ್ಲೇ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಬಳಿ ಕಲಿತ ಗಾಯಕ ಬಾಲಮುರಳೀಕೃಷ್ಣ ಅಲ್ಲಿ ಕೆಲಸ ಮಾಡಿದರು, ಬೆಳಗಿನ 'ಭಕ್ತಿರಂಜನಿ' ಕಾರ್ಯಕ್ರಮವನ್ನು ಮನೆಮಾತು ಮಾಡಿದರು. ಪಿಟೀಲು, ವಯೋಲಾ, ಮೃದಂಗ, ಖಂಜಿರ ಎಲ್ಲಕ್ಕೂ ಕೈ ಹಚ್ಚಿದ ಅವರಂಥವರಿದ್ದ ಊರಲ್ಲೂ ಕಚೇರಿಯ ವೇದಿಕೆಗೆ ವೈಬ್ರಫೋನ್ ಏರಲಿಲ್ಲ. 

ವೈಬ್ರಫೋನ್ ಹೊರಗುಳಿದದ್ದೇಕೆ? ಗಮಕ ಇಲ್ಲ. ಪರದೇಶಿ ಅನ್ನುವುದು ನೆಪವಾಗಲಾರದು. ಪಿಟೀಲನ್ನು ನಾವು ಒಳಗೆ ಕರೆದುಕೊಂಡೆವು, ಗೋದಾವರಿ ಸೀಮೆಯ ಪಾಲಕೊಲ್ಲಿನ ಶ್ರೀನಿವಾಸ್ ಮ್ಯಾಂಡೊಲಿನ್ ತಂದರು, ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನೇ ಬಗ್ಗಿಸಿದರು. ಅವೆಲ್ಲ ಸ್ವರದಿಂದ ಸ್ವರಕ್ಕೆ ಜಾರಬಲ್ಲವು ಅಥವಾ ಜಾರುವಂತೆ ಮಾಡಬಹುದು. ಪಟ್ಟಿ ಜಾರದು. ಗಟ್ಟಿ ಕೋಲೊಂದನ್ನು ದಾರದ ಜಾಗದಿಂದ ನಡುವಿಗೆ ಒತ್ತಿ ಎಳೆದರೆ ಸ್ವರ ಕೊಂಚ ಕೆಳಗೆ ಬಾಗುತ್ತದೆ, ಮೇಲಕ್ಕೆ ಬಾಗುವುದಿಲ್ಲ. ಜಲತರಂಗದವರಾದರೂ ಬಟ್ಟಲ ನೀರನ್ನು ಕದಡಿ ಒಂದಿಷ್ಟು ಎಳೆತ ತರುತ್ತಾರೆ. ಗಮಕ ನುಡಿಸಲಾಗದೆಂಬ ಇದೇ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗೆ ಹಾಕಿತ್ತು, ಮೂರು ದಶಕ ಕಳೆದು 1971ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಆ ನಿಷೇಧ ಅತಿಯಾಯಿತೆಂದು ನನ್ನ ಎಣಿಕೆ. ಆದರೆ ತೋಡಿ ರಾಗದ ಗಾಂಧಾರವನ್ನು ವೈಬ್ರಫೋನಿನಲ್ಲಿ ಕೇಳಬೇಕೆಂದು ನಾನೂ ಬಯಸಲಾರೆ.

ಹಾಗೆಂದು ರೇಡಿಯೋಗೂ ಇದಕ್ಕೂ ಹಗೆ ಏನಿಲ್ಲ. ಬದಲಾಗಿ ಒಳ್ಳೆಯ ನಂಟು. ಮಧ್ಯಮ ತರಂಗದಲ್ಲಿ ಸೆಕೆಂಡಿಗೆ ಸುಮಾರು ಐದು ಸಾವಿರ ಕಂಪನದಾಚೆಗಿನ ಸದ್ದು ಹೆಚ್ಚೇನೂ ಉಳಿಯುವುದಿಲ್ಲ. ತಾಳದ ಝಣತ್ಕಾರ, ಪಿಟೀಲಿನ ಹೊಳಪು ಅಲ್ಲೇ ಮಾಸುತ್ತವೆ. ವೈಬ್ರಫೋನಿನ ಮೂಲಸ್ವರಗಳು ಇರುವುದು 175ರಿಂದ 1,400 ಕಂಪನಗಳೊಳಗೆ. ಅವುಗಳ ನಾಲ್ಕರಷ್ಟು ತೆಗೆದುಕೊಂಡರೂ ಬಹುಪಾಲು ಆ ಐದು ಸಾವಿರದ ಬೇಲಿಯೊಳಗೇ ನಿಲ್ಲುತ್ತದೆ. ಹಳೆಯ ವಾಲ್ವ್ ರೇಡಿಯೋದಲ್ಲೂ ಈ ವಾದ್ಯ ಹೆಚ್ಚು ಕಡಿಮೆ ಇಡಿಯಾಗಿ ಮನೆ ತಲುಪುತ್ತಿತ್ತು. ಮದರಾಸು, ಮುಂಬಯಿಯ ಸಂಗೀತ ನಿರ್ದೇಶಕರು ಲೆಕ್ಕ ಹಾಕಿ ಆರಿಸಿದರೋ, ಕಿವಿಗೆ ಹಿತವೆಂದು ಆರಿಸಿದರೋ, ಆಯ್ಕೆಯಂತೂ ಸರಿಯಾಗಿತ್ತು.

ಈ ವಾದ್ಯಕ್ಕೆ ಕಲಾವಿದನ ಭಾಗ್ಯ ಬಂದದ್ದೂ ಸ್ಟುಡಿಯೋದಲ್ಲೇ. 1930ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಜಾಜ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಣಕ್ಕೆ ಬಂದಾಗ ಮೂಲೆಯಲ್ಲೊಂದು ವೈಬ್ರಫೋನ್ ಇತ್ತಂತೆ. ಕಾರ್ಯಕ್ರಮಗಳ ನಡುವೆ ಸೂಚನೆಯ ಸ್ವರ ಬಾರಿಸಲಷ್ಟೇ ಅದನ್ನು ಬಳಸುತ್ತಿದ್ದರಂತೆ. ಡ್ರಮ್ ಬಾರಿಸಲು ಬಂದಿದ್ದ ಲಯೊನೆಲ್ ಹ್ಯಾಂಪ್ಟನ್ ಅದರ ಮುಂದೆ ನಿಂತರು. 'ಮೆಮರೀಸ್ ಆಫ್ ಯು' ಹಾಡಿನಲ್ಲಿ ಅದು ಕೇಳಿಬಂತು. ಹ್ಯಾಂಪ್ಟನ್ ಮೋಟಾರನ್ನು ಜೋರಾಗಿ ಓಡಿಸಿದವರು. ಮಾಡರ್ನ್ ಜಾಜ್ ಕ್ವಾರ್ಟೆಟ್ಟಿನ ಮಿಲ್ಟ್ ಜಾಕ್ಸನ್ ಅದನ್ನು ನಿಧಾನಗೊಳಿಸಿ ನಾದಕ್ಕೆ ಉಸಿರಾಟ ತಂದರು. ಆಮೇಲೆ ಬಂದ ಗ್ಯಾರಿ ಬರ್ಟನ್ ನಾಲ್ಕು ಕೋಲು ಹಿಡಿದು, ಮೋಟಾರನ್ನೇ ನಿಲ್ಲಿಸಿ, ಪಿಯಾನೋದ ಹಾಗೆ ನುಡಿಸಿದರು. ನನ್ನ ಒಲವು ಮಿಲ್ಟ್ ಜಾಕ್ಸನ್ ಕಡೆಗೆ. ಮೋಟಾರು ಜೋರಾದರೆ ಸಿಹಿ ಹೆಚ್ಚಾಗಿ ಬೇಗ ಸಾಕೆನಿಸುತ್ತದೆ; ಚಿತ್ರಗೀತೆಗಳ ಕೆಲವು ಕನಸಿನ ದೃಶ್ಯಗಳಲ್ಲಿ ಆಗಿರುವುದು ಇದೇ.

ಕೇಳುಗರೇ, ಇದನ್ನು ನೀವೇ ಪರೀಕ್ಷಿಸಬಹುದು. ಮಿಲ್ಟ್ ಜಾಕ್ಸನ್ನರ 'ಬ್ಯಾಗ್ಸ್ ಗ್ರೂವ್' ಮೊದಲು ಕೇಳಿ, ಹಿಂದೆಯೇ ಗ್ಯಾರಿ ಬರ್ಟನ್ ಒಬ್ಬರೇ ನುಡಿಸಿದ ಯಾವುದಾದರೊಂದು ಕೃತಿ ಕೇಳಿ. ಬಿಲ್ಲೆ ತಿರುಗಿದಾಗ ಏನಾಗುತ್ತದೆ, ನಿಂತಾಗ ಏನು ಉಳಿಯುತ್ತದೆ ಎಂದು ಗಮನಿಸಿ. ಆಮೇಲೆ ನಿಮಗಿಷ್ಟವಾದ ಹಳೆಯ ಹಾಡೊಂದಕ್ಕೆ ಬನ್ನಿ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸೊರಗುತ್ತವೆ. ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಮನೆಯಲ್ಲಿ ದೊಡ್ಡ ರೇಡಿಯೋ ಇನ್ನೂ ಇದ್ದರೆ ಅದನ್ನು ಹಚ್ಚಿ.